ಐನೂರು ರೂಪಾಯಿಯ ಚಿಪ್ ಹಾಕಿದರೆ ಗಾಡಿಯ ಪವರ್, ಮೈಲೇಜ್ ಹೆಚ್ಚುತ್ತದೆಯೇ?

"ಸ್ಟೀರಿಂಗ್ ಕೆಳಗೆ ಒಂದು ಪೋರ್ಟ್ ಇದೆ. ಈ ಪುಟ್ಟ ಚಿಪ್ಪನ್ನು ಅದಕ್ಕೆ ಸಿಕ್ಕಿಸಿ. ಪವರ್ ಶೇ. 35 ಹೆಚ್ಚುತ್ತದೆ, ಇಂಧನ ಶೇ. 15 ಉಳಿಯುತ್ತದೆ. ಕಾರು ಕಂಪನಿಗಳು ಇದನ್ನು ನಿಮಗೆ ಹೇಳುವುದಿಲ್ಲ!" ಈ ಧಾಟಿಯ ಜಾಹೀರಾತು, ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಮಿಣುಕುವ ದೀಪಗಳ ಚಿಕ್ಕ ಡಬ್ಬಿಯ ಚಿತ್ರ, ಕೆಳಗೆ ಖರೀದಿಯ ಲಿಂಕ್.

ಇದು ನಿಜವೇ? ಮೊದಲು ಚಿಕ್ಕ ಉತ್ತರ ಹೇಳಿಬಿಡೋಣ. ಪೋರ್ಟ್‌ಗೆ ಸಿಕ್ಕಿಸುವ ಅಗ್ಗದ ಚಿಪ್‌ನಿಂದ ಪವರ್ ಬರುವುದಿಲ್ಲ, ಇಂಧನವೂ ಉಳಿಯುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ ಇಸಿಯು ರಿಮ್ಯಾಪಿಂಗ್‌ನಿಂದ ಕೆಲವು ಗಾಡಿಗಳ ಪವರ್ ಹೆಚ್ಚುವುದು ನಿಜ. ಆದರೆ ಆ ಪವರ್ ಗಾಳಿಯಿಂದ ಇಳಿದು ಬರುವುದಿಲ್ಲ. ನಿಮ್ಮ ಇಂಜಿನ್ನಿನ ಆಯಸ್ಸು, ವಾರಂಟಿ, ಇನ್ಶೂರೆನ್ಸ್ ಇವುಗಳಿಂದಲೇ ಅದರ ಬೆಲೆ ಕಟ್ಟಬೇಕಾಗುತ್ತದೆ. ಹೇಗೆ ಎಂಬುದು ಈ ಲೇಖನದ ವಿಷಯ.

ಬಸವಕಲ್ಯಾಣ, ಹುಮನಾಬಾದಿಗೆ ಈ ಪ್ರಶ್ನೆ ಯಾಕೆ ಮುಖ್ಯ?

ಪುಣೆಯಿಂದ ಸೋಲಾಪುರ, ಹೈದರಾಬಾದ್ ದಾಟಿ ಮಚಲೀಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಉಮರ್ಗಾ ಕಡೆಯಿಂದ ಬೀದರ್ ಜಿಲ್ಲೆಗೆ ಬರುತ್ತದೆ. ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಹಾದು, ಹುಮನಾಬಾದ್ ಮುಟ್ಟಿ, ಜಹೀರಾಬಾದ್ ದಾರಿ ಹಿಡಿಯುತ್ತದೆ. ಹುಮನಾಬಾದಿನಲ್ಲಿ ಬೀದರ್–ಕಲಬುರಗಿ ರಸ್ತೆಯಾದ ರಾಷ್ಟ್ರೀಯ ಹೆದ್ದಾರಿ 50 ಇದನ್ನು ಕೂಡುತ್ತದೆ. ಹಗಲು ರಾತ್ರಿ ಲಾರಿ ಓಡುವ ದಾರಿ ಇದು. ಬಸವಕಲ್ಯಾಣದ ನೋಂದಣಿ ಇರುವ ಕೆಎ-56 ನಂಬರಿನ ಲಾರಿಗಳು ರಾಜ್ಯದ ಆಚೆಯ ಹೆದ್ದಾರಿಗಳಲ್ಲೂ ಕಾಣಸಿಗುತ್ತವೆ. ಲಾರಿ ಮಾಲೀಕರು, ಡ್ರೈವರ್‌ಗಳು, ಮಿಸ್ತ್ರಿಗಳು, ಬಾಡಿ ಕಟ್ಟುವವರು, ಟೈರ್ ಅಂಗಡಿಯವರು, ಬಾಡಿಗೆ ಕಾರಿನವರು – ಗಾಡಿಯನ್ನೇ ನಂಬಿ ಬದುಕುವ ಮನೆಗಳು ಇಲ್ಲಿ ಬಹಳ.

ಅಂಥ ಮನೆಗೆ ಮೈಲೇಜ್ ಎಂದರೆ ತಿಂಗಳ ಲೆಕ್ಕ. ಒಂದು ಲಾರಿ ತಿಂಗಳಿಗೆ 6,000 ಕಿ.ಮೀ. ಓಡುತ್ತದೆ, ಲೀಟರಿಗೆ 4 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. 1,500 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯಂತೆ 1,35,000 ರೂಪಾಯಿ. ಅದರಲ್ಲಿ ಶೇ. 15 ಉಳಿದರೆ ತಿಂಗಳಿಗೆ 20,250 ರೂಪಾಯಿ ಕೈಗೆ ಸಿಗುತ್ತದೆ. ಲಾರಿ ಸಾಲದ ಕಂತು ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ. ಐನೂರು ರೂಪಾಯಿ ಹೋದರೆ ಹೋಗಲಿ, ಒಂದು ಸಲ ಹಾಕಿ ನೋಡೋಣ ಎಂದು ಅನಿಸುವುದು ಸಹಜ. ಮಾರುವವರಿಗೆ ಬೇಕಾಗಿರುವುದೂ ಇದೇ.

ಆದರೆ ಇಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಮ್ಮ ದೇಶದಲ್ಲಿ ಗಾಡಿ ಕೊಳ್ಳುವವರು ಮೊದಲು ಕೇಳುವುದೇ "ಎಷ್ಟು ಕೊಡುತ್ತದೆ?" ಎಂದು. ಲೀಟರಿಗೆ ಒಂದು ಕಿ.ಮೀ. ಹೆಚ್ಚು ತೋರಿಸಲು ಕಂಪನಿಗಳು ವರ್ಷಗಟ್ಟಲೆ ದುಡಿದು ಕೋಟಿಗಟ್ಟಲೆ ಖರ್ಚು ಮಾಡುತ್ತವೆ. ಐನೂರು ರೂಪಾಯಿಯ ಚಿಪ್‌ನಿಂದ ಶೇ. 15 ಸಿಗುವುದಾದರೆ ಅವು ಅದನ್ನು ಕಾರ್ಖಾನೆಯಲ್ಲೇ ಹಾಕಿ ಜಾಹೀರಾತು ಕೊಡುತ್ತಿರಲಿಲ್ಲವೇ?

ಇಂಜಿನ್ನಿನ ಕಂಪ್ಯೂಟರ್ ಏನು ಮಾಡುತ್ತದೆ?

ಇಂದಿನ ಪ್ರತಿ ಕಾರು, ಲಾರಿಯಲ್ಲೂ ಇಂಜಿನ್ ನಡೆಸುವ ಒಂದು ಕಂಪ್ಯೂಟರ್ ಇರುತ್ತದೆ. ಗ್ಯಾರೇಜಿನಲ್ಲಿ ಇದನ್ನು ಇಸಿಯು ಅಥವಾ ಇಸಿಎಂ ಎನ್ನುತ್ತಾರೆ. ಒಳಗೆ ಬರುವ ಗಾಳಿ ಎಷ್ಟು, ಅದರ ಬಿಸಿ ಎಷ್ಟು, ಕೂಲಂಟ್ ಎಷ್ಟು ಕಾದಿದೆ, ನೀವು ಎಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಇಂಜಿನ್ ಎಷ್ಟು ಸುತ್ತುತ್ತಿದೆ – ಇದನ್ನೆಲ್ಲ ಸೆನ್ಸರ್‌ಗಳು ಅದಕ್ಕೆ ಕ್ಷಣಕ್ಷಣವೂ ತಿಳಿಸುತ್ತವೆ. ಎಷ್ಟು ಇಂಧನ ಚಿಮ್ಮಿಸಬೇಕು, ಯಾವ ಗಳಿಗೆಯಲ್ಲಿ ಚಿಮ್ಮಿಸಬೇಕು ಎಂದು ಅದು ತನ್ನೊಳಗಿನ ಕೋಷ್ಟಕ ನೋಡಿ ತೀರ್ಮಾನಿಸುತ್ತದೆ. ಈ ಕೋಷ್ಟಕಗಳಿಗೆ ‘ಮ್ಯಾಪ್’ ಎಂದು ಹೆಸರು. ಅದನ್ನು ತಿದ್ದಿ ಬರೆಯುವುದೇ ರಿಮ್ಯಾಪಿಂಗ್.

ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ಇಸಿಯು ಇದನ್ನು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಸೆಕೆಂಡಿಗೆ ಹಲವು ಬಾರಿ ಸರಿಪಡಿಸುತ್ತಲೇ ಇರುತ್ತದೆ. ಮುಂಬೈ ಬಂದರಿನಿಂದ ಸರಕು ಹೊತ್ತ ಲಾರಿ ಸಮುದ್ರ ಮಟ್ಟದಿಂದ ಹೊರಟು, ಬೋರ್ ಘಾಟ್ ಹತ್ತಿ, ನಮ್ಮ ಎತ್ತರದ ಬಯಲಿಗೆ ಬರುವಷ್ಟರಲ್ಲಿ ಗಾಳಿ ತೆಳುವಾಗಿರುತ್ತದೆ. ಡ್ರೈವರ್ ಏನೂ ಮಾಡಬೇಕಿಲ್ಲ. ಕಂಪ್ಯೂಟರ್ ತಾನೇ ಹೊಂದಿಸಿಕೊಂಡಿರುತ್ತದೆ.

"ಚಿಪ್ ಹಾಕಿದರೆ ಇಂಧನ ಪೂರ್ತಿ ಉರಿಯುತ್ತದೆ" ಎಂಬ ಮಾತು ಬಿದ್ದುಹೋಗುವುದೂ ಇಲ್ಲೇ. ಸುಸ್ಥಿತಿಯಲ್ಲಿರುವ ಇಂದಿನ ಇಂಜಿನ್ನಿನಲ್ಲಿ ಒಳಹೋದ ಇಂಧನದಲ್ಲಿ ಶೇ. 98ಕ್ಕಿಂತ ಹೆಚ್ಚು ಉರಿದೇ ಹೋಗುತ್ತದೆ. ಉರಿಯದೆ ಉಳಿದಿರುವುದೇ ಶೇ. 1–2. ಅದರಿಂದ ಶೇ. 15 ಉಳಿಸುವುದು ಹೇಗೆ? ನಷ್ಟ ಆಗುವುದು ಬೇರೆ ಕಡೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಇದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ರೇಡಿಯೇಟರ್, ಸೈಲೆನ್ಸರ್‌ಗಳ ಮೂಲಕ ಬಿಸಿಯಾಗಿ ಹೊರಹೋಗುತ್ತದೆ. ಪೋರ್ಟ್‌ಗೆ ಸಿಕ್ಕಿಸಿದ ಡಬ್ಬಿ ಈ ಬಿಸಿಯನ್ನು ಹಿಡಿದಿಡಲಾರದು.

‘ಚಿಪ್’ ಎಂಬ ಹೆಸರಿನಲ್ಲಿ ಮಾರುವುದು ಏನೇನು?

1980–90ರ ದಶಕದ ವಿದೇಶಿ ಕಾರುಗಳಲ್ಲಿ ಈ ಕೋಷ್ಟಕಗಳು ಕಂಪ್ಯೂಟರಿನೊಳಗಿನ ಒಂದು ಮೆಮೊರಿ ಚಿಪ್‌ನಲ್ಲಿ ಇರುತ್ತಿದ್ದವು. ಪವರ್ ಬೇಕಾದವರು ಆ ಚಿಪ್ ಕಿತ್ತು ಬೇರೆ ಚಿಪ್ ಕೂರಿಸುತ್ತಿದ್ದರು. ‘ಚಿಪ್ ಟ್ಯೂನಿಂಗ್’ ಎಂಬ ಹೆಸರು ಬಂದದ್ದು ಹಾಗೆ. ಈಗ ಚಿಪ್ ಕೀಳುವ ಅಗತ್ಯವಿಲ್ಲ, ಲ್ಯಾಪ್‌ಟಾಪ್ ಜೋಡಿಸಿ ಕೋಷ್ಟಕ ಬದಲಿಸಬಹುದು. ಹೆಸರು ಮಾತ್ರ ಉಳಿದಿದೆ. ಆ ಒಂದೇ ಹೆಸರಿನಲ್ಲಿ ಇಂದು ಐದು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ.

1. ದೀಪ ಮಿಣುಕುವ ಡಬ್ಬಿ

ಫಾರ್ವರ್ಡ್‌ಗಳಲ್ಲಿ ಬರುವುದು ಹೆಚ್ಚಾಗಿ ಇದೇ. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ಡಬ್ಬಿ. ಇವುಗಳಲ್ಲಿ ‘ನೈಟ್ರೊ ಒಬಿಡಿ2’ ಹೆಸರಿನ ಒಂದನ್ನು ಫ್ರಾನ್ಸಿನ ಕ್ವಾರ್ಕ್ಸ್‌ಲ್ಯಾಬ್ ಎಂಬ ಕಂಪ್ಯೂಟರ್ ಸುರಕ್ಷತಾ ಸಂಸ್ಥೆಯ ತಜ್ಞರು ಬಿಚ್ಚಿ ನೋಡಿದರು. ಅವರು ಪರೀಕ್ಷೆಗೆ ಬಳಸಿದ್ದು ನಮಗೆಲ್ಲ ಪರಿಚಯವಿರುವ ಸುಜುಕಿ ಸ್ವಿಫ್ಟ್ ಡೀಸೆಲ್ ಕಾರನ್ನೇ. ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡಲು ಕ್ಯಾನ್ ಬಸ್ ಎಂಬ ತಂತಿಯ ಜಾಲ ಇರುತ್ತದೆ. ಆ ಜಾಲಕ್ಕೆ ಸಂದೇಶ ಕಳಿಸಲು ವಿಶೇಷ ಬಿಡಿಭಾಗ ಬೇಕು. ಈ ಡಬ್ಬಿಯಲ್ಲಿ ಅದು ಇರಲೇ ಇಲ್ಲ. ಡಬ್ಬಿ ಹಾಕುವ ಮೊದಲು ಮತ್ತು ನಂತರ ಜಾಲದ ಸಂದೇಶಗಳನ್ನು ಹೋಲಿಸಿದಾಗ ಹೊಸದೊಂದೂ ಕಾಣಲಿಲ್ಲ. ಇಂಜಿನ್ನಿಗೆ ಅದು ಒಂದು ಮಾತನ್ನೂ ಹೇಳುತ್ತಿರಲಿಲ್ಲ. ಅದು ಮಾಡುತ್ತಿದ್ದ ಕೆಲಸ ಒಂದೇ, ದೀಪ ಮಿಣುಕಿಸುವುದು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತೇವೆ ಎನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಮೈಲೇಜ್ ಗಣನೀಯವಾಗಿ ಹೆಚ್ಚಿಸುವ ಒಂದೂ ಅದಕ್ಕೆ ಸಿಗಲಿಲ್ಲ.

ಒಂದು ಎಚ್ಚರಿಕೆ: ಒಬಿಡಿ ಪೋರ್ಟ್‌ಗೆ ಹಾಕುವುದೆಲ್ಲ ಮೋಸವಲ್ಲ. ಮಿಸ್ತ್ರಿಗಳು ಬಳಸುವ ಸ್ಕ್ಯಾನರ್ ಇದೇ ಪೋರ್ಟ್‌ಗೆ ಸೇರುತ್ತದೆ. ಯಾವ ಸೆನ್ಸರ್ ಕೆಟ್ಟಿದೆ ಎಂದು ಅದು ಓದಿ ಹೇಳುತ್ತದೆ. ಅದು ನಿಜವಾಗಿ ಉಪಯೋಗದ ವಸ್ತು.

2. ತಂತಿಗೆ ಜೋಡಿಸುವ ರೆಸಿಸ್ಟರ್

ಗಾಳಿಯ ಬಿಸಿ ಅಳೆಯುವ ಸೆನ್ಸರಿನ ತಂತಿಗೆ ಒಂದೆರಡು ರೂಪಾಯಿಯ ರೆಸಿಸ್ಟರ್ ಜೋಡಿಸಿ, ಅದನ್ನು ‘ಪರ್ಫಾರ್ಮೆನ್ಸ್ ಚಿಪ್’ ಎಂದು ಮಾರುತ್ತಾರೆ. ಇದರಿಂದ ಒಳಬರುವ ಗಾಳಿ ತಣ್ಣಗಿದೆ ಎಂಬ ಸುಳ್ಳು ಸುದ್ದಿ ಇಸಿಯುಗೆ ಹೋಗುತ್ತದೆ. ತಣ್ಣನೆಯ ಗಾಳಿ ದಟ್ಟವಾಗಿರುವುದರಿಂದ ಅದು ಇಂಧನ ಸ್ವಲ್ಪ ಹೆಚ್ಚು ಬಿಡುತ್ತದೆ. ಅಷ್ಟರಲ್ಲಿ ಆಕ್ಸಿಜನ್ ಸೆನ್ಸರ್ ಇಂಧನ ಹೆಚ್ಚಾಯಿತೆಂದು ಹೇಳಿ ಕಡಿಮೆ ಮಾಡಿಸುತ್ತದೆ. ಒಬ್ಬ ಸುಳ್ಳು ಹೇಳುವುದು, ಇನ್ನೊಬ್ಬ ತಿದ್ದುವುದು – ಇಷ್ಟೇ ನಡೆಯುತ್ತದೆ. ಕೊನೆಗೆ ಇಂಜಿನ್ ಲೈಟ್ ಹತ್ತಿಕೊಳ್ಳಬಹುದು.

3. ಪೆಡಲ್ ಬಾಕ್ಸ್

ಇದು ಎಕ್ಸಿಲರೇಟರ್ ಪೆಡಲಿನ ಸಂಕೇತ ಬದಲಿಸುತ್ತದೆ. ನೀವು ಕಾಲುಭಾಗ ಒತ್ತಿದರೆ ಅರ್ಧ ಒತ್ತಿದಂತೆ ಇಸಿಯುಗೆ ಹೇಳುತ್ತದೆ. ಗಾಡಿ ಚುರುಕಾದಂತೆ ಅನಿಸುವುದು ನಿಜ. ಆದರೆ ಪೆಡಲ್ ಪೂರ್ತಿ ಒತ್ತಿದಾಗ ಸಿಗುವ ಪವರ್ ಮೊದಲಿದ್ದಷ್ಟೇ. ನೀವೇ ಸ್ವಲ್ಪ ಹೆಚ್ಚು ಒತ್ತಿದ್ದರೂ ಇದೇ ಆಗುತ್ತಿತ್ತು.

4. ಡೀಸೆಲ್ ಟ್ಯೂನಿಂಗ್ ಬಾಕ್ಸ್

ಇದು ಮಾತ್ರ ನಿಜವಾಗಿ ಏನನ್ನೋ ಮಾಡುತ್ತದೆ. ಇಂದಿನ ಡೀಸೆಲ್ ಇಂಜಿನ್ನಿನ ಕಾಮನ್ ರೈಲ್ ಎಂಬ ಕೊಳವೆಯಲ್ಲಿ ಡೀಸೆಲ್ ಒತ್ತಡ 1,600 ಬಾರ್, ಕೆಲವು ಇಂಜಿನ್‌ಗಳಲ್ಲಿ 2,000 ಬಾರ್‌ವರೆಗೂ ಏರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡೂಕಾಲು ಬಾರ್ ಚಿಲ್ಲರೆ. ಅಂದರೆ ಸುಮಾರು 700 ಪಟ್ಟು! ಟ್ಯೂನಿಂಗ್ ಬಾಕ್ಸ್ ಈ ಒತ್ತಡವನ್ನು ಕಡಿಮೆ ಮಾಡಿ ತೋರಿಸುತ್ತದೆ. ಅದನ್ನು ನಂಬಿದ ಇಸಿಯು ಪಂಪಿಗೆ ಒತ್ತಡ ಹೆಚ್ಚಿಸು ಎನ್ನುತ್ತದೆ. ಹೆಚ್ಚು ಡೀಸೆಲ್ ಚಿಮ್ಮುತ್ತದೆ, ಪವರ್ ಹೆಚ್ಚುತ್ತದೆ. ಆದರೆ ಈಗ ನಿಜವಾದ ಒತ್ತಡ ಎಷ್ಟೆಂದು ಇಂಜಿನ್ ಕಾಯಬೇಕಾದ ಕಂಪ್ಯೂಟರಿಗೇ ಗೊತ್ತಿಲ್ಲ.

5. ಇಸಿಯು ರಿಮ್ಯಾಪಿಂಗ್

ಮೂಲ ಕೋಷ್ಟಕಗಳನ್ನೇ ತಿದ್ದಿ ಬರೆಯುವುದು. ಟರ್ಬೊ ಇರುವ ಇಂಜಿನ್‌ಗಳಲ್ಲಿ ಇದರಿಂದ ಪವರ್ ಚೆನ್ನಾಗಿಯೇ ಹೆಚ್ಚುತ್ತದೆ. ಟರ್ಬೊ ಹೆಚ್ಚು ಗಾಳಿ ತುಂಬುವಂತೆ, ಅದಕ್ಕೆ ತಕ್ಕ ಹೆಚ್ಚು ಇಂಧನ ಬರುವಂತೆ ಮಾಡಬಹುದು. ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಕಾರಿನಲ್ಲಿ ಹೆಚ್ಚುವರಿ ಗಾಳಿ ಬರುವ ದಾರಿಯೇ ಇಲ್ಲ, ಹಾಗಾಗಿ ಲಾಭ ತೀರಾ ಕಡಿಮೆ.

ಹಾಗಾದರೆ ಕಂಪನಿ ಪವರ್ ಬಚ್ಚಿಟ್ಟಿದೆಯೇ?

"ಒಂದೇ ಇಂಜಿನ್, ಒಂದು ಕಾರಿಗೆ ಕಡಿಮೆ ಪವರ್, ಇನ್ನೊಂದಕ್ಕೆ ಹೆಚ್ಚು. ಎಲ್ಲ ಸಾಫ್ಟ್‌ವೇರ್ ಆಟ" ಎಂಬ ವಾದ ನೀವು ಕೇಳಿರಬಹುದು. ಇದಕ್ಕೆ ಕೊಡುವ ಉದಾಹರಣೆ ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್ ಇಂಜಿನ್. ಮಾರುತಿ ಸ್ವಿಫ್ಟ್‌ನಲ್ಲಿ ಅದು 75 ಪಿಎಸ್ ಕೊಡುತ್ತಿತ್ತು, ಎರ್ಟಿಗಾ, ಸಿಯಾಜ್‌ನಲ್ಲಿ 90 ಪಿಎಸ್. ಆದರೆ ಎರಡರಲ್ಲಿ ವ್ಯತ್ಯಾಸ ಸಾಫ್ಟ್‌ವೇರ್ ಒಂದೇ ಅಲ್ಲ. 90 ಪಿಎಸ್ ಇಂಜಿನ್ನಿಗೆ ಇದ್ದ ಟರ್ಬೊ ಬೇರೆ ಬಗೆಯದು, ತನ್ನ ರೆಕ್ಕೆಗಳ ಕೋನ ಬದಲಿಸಿಕೊಳ್ಳುವಂಥದ್ದು. ಹೆಚ್ಚು ಪವರ್ ಬೇಕಾದಾಗ ಕಂಪನಿ ಕೋಷ್ಟಕದ ಜೊತೆಗೆ ಬಿಡಿಭಾಗವನ್ನೂ ಬದಲಿಸಿತ್ತು. ಚಿಪ್ ಮಾರುವವರು ಬಿಡಿಭಾಗ ಬದಲಿಸುವುದಿಲ್ಲ, ಇರುವುದನ್ನೇ ಹೆಚ್ಚು ದುಡಿಸುತ್ತಾರೆ.

ಕಂಪನಿಯವರು ಸ್ವಲ್ಪ ಶಕ್ತಿಯನ್ನು ಮೀಸಲು ಇಡುತ್ತಾರೆ ಎಂಬುದಂತೂ ನಿಜ. ಯಾಕೆ ಇಡುತ್ತಾರೆ? ಅದೇ ಕಾರು ಕಾಶ್ಮೀರದ ಚಳಿಯಲ್ಲೂ ಬೀದರಿನ ಮೇ ತಿಂಗಳಲ್ಲೂ ಓಡಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ನೆರಳಿನ ಬಿಸಿಯೇ 40 ಡಿಗ್ರಿ ದಾಟುತ್ತದೆ. ಡಾಂಬರು ರಸ್ತೆಯ ಮೇಲಿನ ಬಿಸಿ ಇನ್ನೂ ಹೆಚ್ಚು. ಏರ್ ಫಿಲ್ಟರ್ ದೂಳು ಹಿಡಿದಿರುತ್ತದೆ. ಎಲ್ಲೋ ಒಂದು ಕಡೆ ತುಂಬಿಸಿದ ಡೀಸೆಲ್ ಚೆನ್ನಾಗಿರುವುದಿಲ್ಲ. ಐದು ಜನರ ಕಾರಿನಲ್ಲಿ ಮದುವೆಗೆ ಎಂಟು ಜನ ಕೂರುತ್ತಾರೆ. ಆಯಿಲ್ ಬದಲಿಸುವುದು ಎರಡು ತಿಂಗಳು ತಡವಾಗುತ್ತದೆ. ಇದೆಲ್ಲ ಒಟ್ಟಿಗೆ ಆದರೂ ಇಂಜಿನ್ ನಡುದಾರಿಯಲ್ಲಿ ಕೈಕೊಡಬಾರದು ಎಂದು ಇಟ್ಟ ಮೀಸಲು ಅದು. ಮನೆಯಲ್ಲಿ ಮುಂದಿನ ಸುಗ್ಗಿಯವರೆಗೆ ಜೋಳ ಎತ್ತಿಡುವುದಿಲ್ಲವೇ, ಹಾಗೆ.

ರಿಮ್ಯಾಪಿಂಗ್ ಆ ಮೀಸಲನ್ನೇ ತೆಗೆದು ದಿನಬಳಕೆಗೆ ಕೊಡುತ್ತದೆ. ಡೀಸೆಲ್ ಇಂಜಿನ್ನಿಗೆ ಗಾಳಿಗೆ ತಕ್ಕದ್ದಕ್ಕಿಂತ ಹೆಚ್ಚು ಇಂಧನ ಹೋದಾಗ ಹೊರಬರುವ ಹೊಗೆಯ ಬಿಸಿ ಏರುತ್ತದೆ. ಆ ಬಿಸಿ ಮೊದಲು ತಾಗುವುದು ಟರ್ಬೊಗೆ, ಪಿಸ್ಟನ್‌ಗೆ. ಕ್ಲಚ್, ಗೇರ್‌ಬಾಕ್ಸ್ ಮೇಲೂ ಒತ್ತಡ ಹೆಚ್ಚುತ್ತದೆ. ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿದರೆ ಇದೊಂದೂ ಕಾಣುವುದಿಲ್ಲ. ಕಾಣುವುದು ಬೇಸಿಗೆಯ ಮಧ್ಯಾಹ್ನ, ಪೂರ್ತಿ ಲೋಡಿನಲ್ಲಿ, ಉದ್ದನೆಯ ಏರಿನಲ್ಲಿ. ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿದ್ದರೆ ಅದನ್ನು ಪವರ್ ಎಂದು ಹೆಮ್ಮೆಪಡುವವರಿದ್ದಾರೆ. ನೀವು ಪಂಪಿನಲ್ಲಿ ಹಣ ಕೊಟ್ಟು ಹಾಕಿಸಿದ ಡೀಸೆಲ್ ಸರಿಯಾಗಿ ಉರಿಯದೆ ಮಸಿಯಾಗಿ ಹೋಗುತ್ತಿದೆ ಎಂದೇ ಅದರ ಅರ್ಥ.

ಲಾರಿಗಳ ‘ಯೂರಿಯಾ ಚಿಪ್’ ಕಥೆ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಬಂತು. ಹೊಸ ಡೀಸೆಲ್ ಲಾರಿಗಳಲ್ಲಿ ಡಿಇಎಫ್ ಎಂಬ ದ್ರವದ ಟ್ಯಾಂಕ್ ಇರುತ್ತದೆ. ಇದು ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ದ್ರವ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲವನ್ನು ಇದು ನಿರುಪದ್ರವಿ ನೈಟ್ರೋಜನ್ ಮತ್ತು ನೀರಿನ ಆವಿಯಾಗಿ ಬದಲಿಸಲು ನೆರವಾಗುತ್ತದೆ. ಡಿಇಎಫ್ ಮುಗಿದರೆ ಕಂಪ್ಯೂಟರ್ ಲಾರಿಯ ಪವರ್ ಇಳಿಸಿಬಿಡುತ್ತದೆ.

ಈ ಖರ್ಚು ತಪ್ಪಿಸಲು ‘ಎಮ್ಯುಲೇಟರ್’ ಎಂಬ ಚಿಪ್ ಮಾರುತ್ತಾರೆ. ಡಿಇಎಫ್ ಚಿಮ್ಮದಿದ್ದರೂ ಚಿಮ್ಮುತ್ತಿದೆ ಎಂದು ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ನೈಟ್ರೋಜನ್ ಆಕ್ಸೈಡ್ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಹೊಗೆ ತಿಳಿಯಾಗಿಯೇ ಇರಬಹುದು. ಆದರೆ ಶ್ವಾಸಕೋಶಕ್ಕೆ ಅದು ತಗಲುತ್ತದೆ, ಅಸ್ತಮಾ ಇರುವವರಿಗೆ ಹೆಚ್ಚು ಕಷ್ಟ. ಅದನ್ನು ಮೊದಲು ಉಸಿರಾಡುವವರು ಹೆದ್ದಾರಿ ಬದಿಯ ಮನೆಯವರು, ಧಾಬಾದವರು, ಗ್ಯಾರೇಜಿನಲ್ಲಿ ದಿನವಿಡೀ ಕೆಲಸ ಮಾಡುವ ಹುಡುಗರು.

ಕಂಪ್ಯೂಟರಿಗೆ ಸುಳ್ಳು ಕಲಿಸಿದ ದೊಡ್ಡ ಪ್ರಕರಣ 2015ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ, ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಶುದ್ಧವಾಗಿ ಕಾಣುವಂಥ ಸಾಫ್ಟ್‌ವೇರ್ ಹಾಕಿತ್ತು. ದಂಡ, ಪರಿಹಾರ, ರಿಪೇರಿ ಎಲ್ಲ ಸೇರಿ ಅದಕ್ಕೆ 3,000 ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ಎಮ್ಯುಲೇಟರ್ ಮಾಡುವುದೂ ಅದೇ ಕೆಲಸವನ್ನು, ಇನ್ನೂ ಒರಟಾಗಿ.

ಇದರ ಜೊತೆಗೆ ಇನ್ನೊಂದು ಫಾರ್ವರ್ಡ್ ಇದೆ. ಹೊಲಕ್ಕೆ ಹಾಕುವ ಯೂರಿಯಾವನ್ನು ನೀರಿನಲ್ಲಿ ಕಲಸಿ ಟ್ಯಾಂಕಿಗೆ ಹಾಕಿ ಎಂದು. ದಯವಿಟ್ಟು ಹಾಕಬೇಡಿ. ಗೊಬ್ಬರದ ಯೂರಿಯಾಗೆ ಬೇವಿನ ಎಣ್ಣೆಯ ಲೇಪ ಇರುತ್ತದೆ, ಬೇರೆ ಕಲ್ಮಶಗಳೂ ಇರುತ್ತವೆ. ಅವು ನಾಜಲ್ ಕಟ್ಟಿಸಿ, ಹೊಗೆ ಶುದ್ಧಿ ಮಾಡುವ ದುಬಾರಿ ಭಾಗವನ್ನೇ ಹಾಳು ಮಾಡುತ್ತವೆ.

ಕಾನೂನು, ವಾರಂಟಿ, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರ ಪ್ರಕಾರ ತಯಾರಕರು ಹೇಳಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅನುಮೋದನೆ ಪಡೆದ ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸುವುದು ಬೇರೆ ಮಾತು, ಅದಕ್ಕೆ ಕಾನೂನಿನಲ್ಲಿ ಅವಕಾಶವಿದೆ.

"ಸಾಫ್ಟ್‌ವೇರ್ ತಾನೇ, ಯಾರಿಗೆ ಗೊತ್ತಾಗುತ್ತದೆ?" ಎಂಬ ಮಾತು ಪೂರ್ತಿ ಸರಿಯಲ್ಲ. ಎಷ್ಟು ಬಾರಿ ಮರುಬರಹ ಆಗಿದೆ ಎಂಬ ಗುರುತು ಹಲವು ಇಸಿಯುಗಳಲ್ಲಿ ಉಳಿಯುತ್ತದೆ. ಇಂಜಿನ್ ಕೆಟ್ಟು ಸರ್ವಿಸ್ ಸೆಂಟರಿಗೆ ಹೋದಾಗ ಅದು ಕಂಡರೆ ವಾರಂಟಿ ಸಿಗುವುದು ಕಷ್ಟ. ಇನ್ನೂ ದೊಡ್ಡ ಚಿಂತೆ ಇನ್ಶೂರೆನ್ಸ್. ತಿಳಿಸದೆ ಮಾಡಿದ ಬದಲಾವಣೆಯನ್ನು ಕಾರಣ ಕೊಟ್ಟು ಕಂಪನಿ ಕ್ಲೇಮ್ ತಡೆಯಬಹುದು. ಕಂತು ಇನ್ನೂ ಮುಗಿಯದ ಗಾಡಿ ಅಪಘಾತವಾದಾಗ ಕ್ಲೇಮ್ ನಿಂತುಹೋದರೆ, ಗಾಡಿಯೂ ಇಲ್ಲ, ದುಡಿಮೆಯೂ ಇಲ್ಲ, ಸಾಲ ಮಾತ್ರ ಉಳಿಯುತ್ತದೆ.

"ಆದರೆ ನಮ್ಮವರಿಗೆ ಮೈಲೇಜ್ ಬಂದಿದೆಯಲ್ಲ!"

ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಚಿಪ್ಪಿನ ಜೊತೆ ಬರುವ ಸೂಚನೆ ಗಮನಿಸಿ: "ಚಿಪ್ ನಿಮ್ಮ ಡ್ರೈವಿಂಗ್ ಕಲಿಯಲು ಸುಮಾರು 200 ಕಿ.ಮೀ. ಬೇಕು." ಈ 200 ಕಿ.ಮೀ.ನಲ್ಲಿ ಕಲಿಯುವುದು ಚಿಪ್ ಅಲ್ಲ, ಡ್ರೈವರ್. ಮೈಲೇಜ್ ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಿದ್ದಾಗ ಕಾಲು ತಾನಾಗಿಯೇ ಹಗುರಾಗುತ್ತದೆ, ಬ್ರೇಕ್ ಕಡಿಮೆ ಬೀಳುತ್ತದೆ. ಖಾಲಿ ಹೋಗಿ ಬಂದ ಟ್ರಿಪ್ಪನ್ನು ಲೋಡ್ ಟ್ರಿಪ್ಪಿಗೆ ಹೋಲಿಸಿದರೂ ಚಿಪ್ಪೇ ಗೆದ್ದಂತೆ ಕಾಣುತ್ತದೆ. ಎದುರುಗಾಳಿ ಇದ್ದ ದಿನ, ಇಲ್ಲದ ದಿನ, ಬೇರೆ ಬೇರೆ ಪಂಪು – ಇವುಗಳಿಂದಲೇ ಲೆಕ್ಕ ಎಷ್ಟೋ ಅತ್ತಿತ್ತ ಆಗುತ್ತದೆ.

ನಿಜ ತಿಳಿಯಬೇಕಾದರೆ ಹೀಗೆ ಮಾಡಬಹುದು. ಒಂದೇ ಪಂಪಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಒಂದೇ ದಾರಿಯಲ್ಲಿ, ಹೆಚ್ಚು ಕಡಿಮೆ ಒಂದೇ ಲೋಡಿನಲ್ಲಿ, ಒಂದೇ ವೇಗದಲ್ಲಿ ಓಡಿಸಿ. ಉದಾಹರಣೆಗೆ ಹುಮನಾಬಾದಿನಿಂದ ಸೋಲಾಪುರಕ್ಕೆ ಹೋಗಿ ಬಂದು, ಅದೇ ಪಂಪಿನಲ್ಲಿ ಮತ್ತೆ ಪೂರ್ತಿ ತುಂಬಿಸಿ. ಓಡಿದ ಕಿ.ಮೀ.ಯನ್ನು ಹಾಕಿದ ಲೀಟರಿನಿಂದ ಭಾಗಿಸಿ. ಹೀಗೆ ಚಿಪ್ ಇಲ್ಲದೆ ಮೂರು ಬಾರಿ, ಚಿಪ್ ಹಾಕಿ ಮೂರು ಬಾರಿ. ಚಿಪ್ ಇದೆಯೋ ಇಲ್ಲವೋ ಡ್ರೈವರಿಗೆ ಗೊತ್ತಿರಬಾರದು. ಔಷಧ ಪರೀಕ್ಷಿಸುವಾಗ ವೈದ್ಯರು ಅನುಸರಿಸುವ ಕ್ರಮವೂ ಇದೇ.

ಮೈಲೇಜ್ ನಿಜವಾಗಿ ಹೆಚ್ಚುವುದು ಯಾವುದರಿಂದ?

ವೇಗ: ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಹೋದರೆ ಗಾಳಿ ಒಡ್ಡುವ ತಡೆ ಶೇ. 56 ಹೆಚ್ಚು. ಹೆದ್ದಾರಿಯಲ್ಲಿ ಇಂಧನ ಉಳಿಸಲು ಇದಕ್ಕಿಂತ ದೊಡ್ಡ ಉಪಾಯ ಇಲ್ಲ, ಅದೂ ಬಿಟ್ಟಿಯಾಗಿ.

ಟೈರಿನ ಗಾಳಿ: ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಕಂಪನಿ ಹೇಳಿದಷ್ಟು ಗಾಳಿ ಇದೆಯೇ ನೋಡಿ. ಗಾಳಿ ಕಡಿಮೆ ಇದ್ದರೆ ಟೈರ್ ಹೆಚ್ಚು ಮಡಚಿಕೊಂಡು ಉರುಳುತ್ತದೆ. ಇಂಧನ ಹೆಚ್ಚು ಬೇಕು, ಟೈರ್ ಬಿಸಿಯಾಗಿ ಸಿಡಿಯುವ ಅಪಾಯವೂ ಇದೆ.

ಕಾಲು: ಮುಂದೆ ದೂರ ನೋಡಿ ಓಡಿಸಿ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ನೀವು ಡೀಸೆಲ್ ಸುಟ್ಟು ಗಳಿಸಿದ ವೇಗ ಬಿಸಿಯಾಗಿ ಹೋಗುತ್ತದೆ.

ನಿಂತಾಗ: ಟೋಲ್ ಸಾಲಿನಲ್ಲಿ, ಲೋಡಿಂಗ್‌ಗೆ ಕಾಯುವಾಗ ಇಂಜಿನ್ ಆಫ್ ಮಾಡಿ. ನಿಂತು ಓಡುವ ಇಂಜಿನ್ನಿನ ಮೈಲೇಜ್ ಸೊನ್ನೆ.

ಸರ್ವಿಸ್: ಫಿಲ್ಟರ್, ಆಯಿಲ್, ವೀಲ್ ಅಲೈನ್‌ಮೆಂಟ್, ಹಿಡಿದುಕೊಂಡ ಬ್ರೇಕ್ – ಇವನ್ನು ಸಮಯಕ್ಕೆ ನೋಡಿಸಿ. ಲಾರಿಯ ತಾಡಪತ್ರಿ ಬಿಗಿಯಾಗಿ ಕಟ್ಟಿ, ಪಟಪಟ ಹಾರುವ ತಾಡಪತ್ರಿ ಗಾಳಿಯನ್ನು ಹಿಡಿದು ಎಳೆಯುತ್ತದೆ.

ಟೈರ್ ಸವೆದು ನುಣುಪಾಗಿರುವಾಗ ಚಿಪ್ ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. ಇದ್ದಕ್ಕಿದ್ದಂತೆ ಪಿಕಪ್ ಕಡಿಮೆಯಾಗಿದ್ದರೆ ಮೊದಲು ಸ್ಕ್ಯಾನರ್ ಹಾಕಿಸಿ. ಕಟ್ಟಿಕೊಂಡ ಫಿಲ್ಟರೋ, ಸೋರುವ ಟರ್ಬೊ ಪೈಪೋ, ಕೆಟ್ಟ ಸೆನ್ಸರೋ ಸಿಗುವ ಸಂಭವ ಹೆಚ್ಚು. ಅಂಥ ಗಾಡಿಗೆ ರಿಮ್ಯಾಪ್ ಮಾಡಿಸುವುದು ಜ್ವರ ಬಂದ ಎತ್ತಿಗೆ ಚಾಟಿ ಬೀಸಿದ ಹಾಗೆ.

ಈಗಾಗಲೇ ಹಾಕಿಸಿದ್ದರೆ?

ಮಿಣುಕುವ ಡಬ್ಬಿಯಾದರೆ ಕಿತ್ತು ಇಡಿ. ಹಾಗೇ ಬಿಟ್ಟರೆ ಗಾಡಿ ನಿಂತಿದ್ದಾಗಲೂ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ಹೀರುತ್ತಿರುತ್ತದೆ. ಸೆನ್ಸರ್ ತಂತಿ ಕತ್ತರಿಸಿ ಏನಾದರೂ ಜೋಡಿಸಿದ್ದರೆ ನುರಿತ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೊದಲಿನಂತೆ ಮಾಡಿಸಿ, ಸಡಿಲ ತಂತಿ ಬೆಂಕಿಗೂ ದಾರಿಯಾಗಬಹುದು. ರಿಮ್ಯಾಪ್ ಮಾಡಿಸಿದ್ದರೆ ಮಾಡಿದವರ ಬಳಿ ಮೂಲ ಫೈಲ್ ಇದೆಯೇ ಕೇಳಿ, ಹಿಂದಿನಂತೆ ಹಾಕಿಸಿ. ಸುಳ್ಳು ಜಾಹೀರಾತು ನಂಬಿ ಹಣ ಕಳೆದುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಬಿಲ್ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ.

ಯಾರಾದರೂ ಚಿಪ್ ಹಾಕಿಸಿ ಎಂದಾಗ ಮೂರು ಪ್ರಶ್ನೆ ಕೇಳಿ. ಹೆಚ್ಚುವ ಪವರ್ ಎಲ್ಲಿಂದ ಬರುತ್ತದೆ? ಇಂಜಿನ್ ಹೋದರೆ ಖರ್ಚು ಯಾರು ಕೊಡುತ್ತಾರೆ, ಬರೆದು ಕೊಡುತ್ತೀರಾ? ಇದನ್ನು ಆರ್‌ಸಿ ಮತ್ತು ಇನ್ಶೂರೆನ್ಸ್‌ನಲ್ಲಿ ತೋರಿಸಬಹುದೇ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಹಣ ಜೇಬಿನಲ್ಲೇ ಇರಲಿ.

ಫಾರ್ವರ್ಡ್ ಮಾಡುವ ಮೊದಲು: "ಚಿಪ್ ಸಿಕ್ಕಿಸಿದರೆ ಶೇ. 35 ಪವರ್, ಶೇ. 15 ಉಳಿತಾಯ" ಎಂಬ ಸಂದೇಶ ಸುಳ್ಳು. ರಿಮ್ಯಾಪಿಂಗ್‌ನಿಂದ ಟರ್ಬೊ ಗಾಡಿಗಳ ಪವರ್ ಹೆಚ್ಚುವುದು ನಿಜ, ಆದರೆ ವಾರಂಟಿ, ಇನ್ಶೂರೆನ್ಸ್, ಕಾನೂನು ಮೂರರಲ್ಲೂ ತೊಂದರೆಗೆ ಸಿಕ್ಕಿಕೊಳ್ಳಬಹುದು. ನಿಮ್ಮ ಗುಂಪಿನಲ್ಲಿ ಆ ಸಂದೇಶ ಹಾಕಿದವರಿಗೆ ಈ ಲೇಖನ ಕಳಿಸಿ. ಗಾಡಿ ಓಡಿಸಿ ಮನೆ ನಡೆಸುವವರಿಗೆ ಮೊದಲು ಕಳಿಸಿ.